14 ನಿಮಿಷದ ವರದಿ, ನಾಲ್ಕು ವರ್ಷದ ನೋಟ್‌ಬುಕ್‌ಗಳು

ಪ್ರಶ್ನೆ: ನಾವು ಗದಗಿನವರು. ಮಗಳಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ, ಇಂಗ್ಲಿಷ್ ಮಾಧ್ಯಮ. ಗಲಾಟೆ ಮಾಡುವವಳಲ್ಲ. ಆದರೆ ಬೋರ್ಡಿನ ಮೇಲೆ ಬರೆದದ್ದನ್ನು ಎಂದೂ ಪೂರ್ತಿ ಬರೆದುಕೊಂಡು ಬಂದವಳಲ್ಲ. ಪೆನ್ಸಿಲ್, ಸ್ವೆಟರ್, ನೀರಿನ ಬಾಟಲಿ ವಾರಕ್ಕೊಂದು ಕಳೆಯುತ್ತದೆ. ಒಂದನೇ ತರಗತಿಯಿಂದ ಎಲ್ಲ ಟೀಚರ್‌ಗಳದೂ ಒಂದೇ ದೂರು: "ಬುದ್ಧಿ ಇದೆ, ಲಕ್ಷ್ಯ ಇಲ್ಲ." ನಮ್ಮ ಮಕ್ಕಳ ವೈದ್ಯರು ಎಡಿಎಚ್‌ಡಿ (ಗಮನ ನಿಲ್ಲದ, ಕೆಲವರಲ್ಲಿ ಚಡಪಡಿಕೆಯೂ ಇರುವ ತೊಂದರೆ) ಇರಬಹುದು ಎಂದರು. ಬೆಳಗಿನ ಐದು ಗಂಟೆಗೆ ಎದ್ದು ಹುಬ್ಬಳ್ಳಿಗೆ ಹೋಗಿ, ಒಂದು ಖಾಸಗಿ ಕೇಂದ್ರದಲ್ಲಿ 14 ನಿಮಿಷದ ಕಂಪ್ಯೂಟರ್ ಪರೀಕ್ಷೆ ಮಾಡಿಸಿದೆವು. ಎಲ್ಲ ಅಂಕಗಳೂ ಸಾಮಾನ್ಯ ಮಟ್ಟದಲ್ಲಿವೆ ಎಂದು ವರದಿ ಬಂದಿದೆ. ಅಂದಿನಿಂದ ನಮ್ಮ ಮನೆಯವರು, "ಕಂಪ್ಯೂಟರೇ ಹೇಳಿದ ಮೇಲೆ ಮುಗಿಯಿತು, ಇದು ಬರೀ ಸೋಮಾರಿತನ" ಎಂದು ಎರಡು ಟ್ಯೂಷನ್ ಹಚ್ಚಿದ್ದಾರೆ. ಹೋಂವರ್ಕ್ ಮುಗಿಯದ ದಿನ ಏಟೂ ಬೀಳುತ್ತಿದೆ. ವೈದ್ಯರ ಮಾತು ನಂಬಬೇಕೋ, ಕಂಪ್ಯೂಟರಿನ ಮಾತೋ? ಇನ್ನೂ ಒಳ್ಳೆಯ ಯಂತ್ರ ಇರುವಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕೇ?

ಉತ್ತರ: ಮೊದಲು ಏಟು ನಿಲ್ಲಲಿ. ಉಳಿದ ಮಾತೆಲ್ಲ ಅದರ ನಂತರ. ನಿಮ್ಮ ಮಗಳಿಗೆ ಎಡಿಎಚ್‌ಡಿ ಇದೆಯೋ ಇಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಆ ವರದಿಯೊಂದರಿಂದ ತೀರ್ಮಾನ ಆಗುವಂಥದ್ದೂ ಅಲ್ಲ. ಆದ್ದರಿಂದ ಇನ್ನೊಂದು ಯಂತ್ರ ಹುಡುಕಿಕೊಂಡು ಹೋಗಬೇಡಿ, ಆ ಹಣ ಉಳಿಸಿಕೊಳ್ಳಿ. ನಿಮ್ಮ ಮಕ್ಕಳ ವೈದ್ಯರು ಶುರು ಮಾಡಿದ ತಪಾಸಣೆ ಅರ್ಧಕ್ಕೆ ನಿಂತಿದೆ, ಅದನ್ನು ಮುಂದುವರಿಸಿ. ಹೀಗೇಕೆ ಹೇಳುತ್ತಿದ್ದೇನೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ನಿಮ್ಮ ಮನೆಯವರೂ ಇದನ್ನು ಓದಲಿ ಎಂಬುದು ನನ್ನ ಆಸೆ.

14 ನಿಮಿಷ ಎಂದಿದ್ದೀರಿ. ಅದು ಬಹುಶಃ ಕಾನರ್ಸ್ ಸಿಪಿಟಿ ಎಂಬ ಪರೀಕ್ಷೆ ಇರಬೇಕು. ಎಂಟು ವರ್ಷ ದಾಟಿದವರಿಗೆ ಮಾಡುವ ಪರೀಕ್ಷೆ ಇದು. ಅದರಲ್ಲಿ ನಡೆಯುವುದು ಇಷ್ಟು: ಪರದೆಯ ಮೇಲೆ ಒಂದೊಂದೇ ಇಂಗ್ಲಿಷ್ ಅಕ್ಷರ ಕಾಲು ಸೆಕೆಂಡು ಕಾಣಿಸಿ ಮಾಯವಾಗುತ್ತದೆ. ಯಾವ ಅಕ್ಷರ ಬಂದರೂ ಕೀ ಒತ್ತಬೇಕು, ಎಕ್ಸ್ ಬಂದಾಗ ಮಾತ್ರ ಕೈ ತಡೆಯಬೇಕು. ಇಂಥ 360 ಅಕ್ಷರಗಳು ಬರುತ್ತವೆ. ಎರಡು ಅಕ್ಷರಗಳ ನಡುವಿನ ಅಂತರ ಒಮ್ಮೆ ಒಂದು ಸೆಕೆಂಡು, ಒಮ್ಮೆ ಎರಡು, ಒಮ್ಮೆ ನಾಲ್ಕು. ಆಟದಲ್ಲಿರುವ ಬಣ್ಣ, ಸದ್ದು, ಬಹುಮಾನ ಯಾವುದೂ ಇಲ್ಲ. ಬೇಸರ ಬರಬೇಕು ಎಂದೇ ಹೀಗೆ ಮಾಡಿರುತ್ತಾರೆ. ಬೇಸರದ ಕೆಲಸದಲ್ಲಿ ಗಮನ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುವುದೇ ಉದ್ದೇಶ. ಟೋವಾ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಅಕ್ಷರಗಳೇ ಇಲ್ಲ, ಚೌಕಗಳಿವೆ, ಅದು ಸುಮಾರು 22 ನಿಮಿಷ ಹಿಡಿಯುತ್ತದೆ. ಮೊದಲರ್ಧದಲ್ಲಿ ಒತ್ತಬೇಕಾದ ಚೌಕ ಅಪರೂಪಕ್ಕೆ ಬರುತ್ತದೆ, ಉಳಿದರ್ಧದಲ್ಲಿ ಮೇಲಿಂದ ಮೇಲೆ ಬರುತ್ತದೆ. ಕ್ಯೂಬಿ ಟೆಸ್ಟ್ ಎಂಬುದರಲ್ಲಿ ಮಗುವಿನ ತಲೆಗೆ ಒಂದು ಪಟ್ಟಿ ಕಟ್ಟಿ, ಕ್ಯಾಮೆರಾದಿಂದ ಅದರ ಅಲುಗಾಟವನ್ನೂ ಅಳೆಯುತ್ತಾರೆ. ಈ ಎಲ್ಲ ಪರೀಕ್ಷೆಗಳ ಮೂಲ 1956ರಲ್ಲಿದೆ. ರಾಸ್ವೋಲ್ಡ್ ಮತ್ತು ಅವರ ಸಹೋದ್ಯೋಗಿಗಳು ಆಗ ಇದನ್ನು ರೂಪಿಸಿದ್ದು ಮಿದುಳಿಗೆ ಪೆಟ್ಟಾದವರನ್ನು ಗುರುತಿಸುವುದಕ್ಕೆ. ಮಕ್ಕಳ ಎಡಿಎಚ್‌ಡಿಗೆ ಇದನ್ನು ಬಳಸತೊಡಗಿದ್ದು ಆಮೇಲೆ.

ಕಂಪ್ಯೂಟರ್ ಲೆಕ್ಕ ಹಾಕುವುದು ಮುಖ್ಯವಾಗಿ ನಾಲ್ಕು ಸಂಗತಿಗಳನ್ನು: ಒತ್ತಬೇಕಾದಲ್ಲಿ ಎಷ್ಟು ಸಲ ಒತ್ತಲಿಲ್ಲ, ಒತ್ತಬಾರದಲ್ಲಿ ಎಷ್ಟು ಸಲ ಒತ್ತಿತು, ಸರಾಸರಿ ಎಷ್ಟು ವೇಗವಾಗಿ ಒತ್ತಿತು, ಆ ವೇಗ ಎಷ್ಟು ಏರಿಳಿಯಿತು. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಈ ಕೊನೆಯ ಏರಿಳಿತ ಹೆಚ್ಚಾಗಿ ಕಾಣುತ್ತದೆ: ಹತ್ತು ಸಲ ಚುರುಕಾಗಿ ಒತ್ತಿದ ಮಗು ಹನ್ನೊಂದನೆಯದಕ್ಕೆ ಎಲ್ಲೋ ಕಳೆದುಹೋಗಿ ತಡವಾಗಿ ಒತ್ತುತ್ತದೆ. ನಿಮ್ಮ ವರದಿಯಲ್ಲಿ ಟಿ ಅಂಕ ಎಂದು ಕೊಟ್ಟಿರುವುದು ಅದೇ ವಯಸ್ಸಿನ ಮಕ್ಕಳೊಂದಿಗೆ ಹೋಲಿಸಿದ ಅಂಕ. 50 ಎಂದರೆ ಸರಾಸರಿ. ಕಾನರ್ಸ್‌ನಲ್ಲಿ ಅಂಕ ಮೇಲೆ ಹೋದಷ್ಟೂ ತೊಂದರೆ ಹೆಚ್ಚು ಎಂದರ್ಥ. ಆ ಹೋಲಿಕೆಯ ಮಕ್ಕಳು ಮುಖ್ಯವಾಗಿ ಅಮೆರಿಕದವರು ಎಂಬುದನ್ನು ನಮ್ಮ ಕಡೆಯ ಕೇಂದ್ರಗಳು ತಂದೆತಾಯಿಗೆ ಹೇಳುವುದು ಕಡಿಮೆ, ಹೇಳಬೇಕು. ರೋಣ ತಾಲೂಕಿನ ಕನ್ನಡ ಶಾಲೆಯೊಂದರಲ್ಲಿ ಓದುವ, ಕೀಬೋರ್ಡನ್ನು ಎಂದೂ ಮುಟ್ಟದ ಮಗುವಿಗೆ ಎ, ಬಿ, ಎಕ್ಸ್ ತೋರಿಸಿ ಅಂಕ ಹಾಕುವಾಗ ಈ ವ್ಯತ್ಯಾಸ ನೆನಪಿರಬೇಕು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ತರಗತಿಯಲ್ಲಿ ಲಕ್ಷ್ಯವೇ ಇಲ್ಲದವಳು ಯಂತ್ರದ ಮುಂದೆ ಸರಿಯಾಗಿ ಕೂತಳು ಎಂದರೆ ಹೇಗೆ? ಆ ಕೋಣೆಯನ್ನು ನೆನಪಿಸಿಕೊಳ್ಳಿ. ಬಾಗಿಲು ಹಾಕಿದೆ, ಸದ್ದಿಲ್ಲ. ಪಕ್ಕದಲ್ಲಿ ಅವಳನ್ನೇ ನೋಡುತ್ತಾ ಒಬ್ಬ ದೊಡ್ಡವರು ಕೂತಿದ್ದಾರೆ. ಊರು ಹೊಸದು, ಯಂತ್ರ ಹೊಸದು. ಮಾಡಬೇಕಾದದ್ದು ಒಂದೇ ಕೆಲಸ, ನಿಯಮವೂ ಒಂದೇ, ಹದಿನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ಎಡಿಎಚ್‌ಡಿ ಇರುವ ಬಹಳಷ್ಟು ಮಕ್ಕಳು ಇಂಥ ಸ್ಥಿತಿಯಲ್ಲಿ ಚೆನ್ನಾಗಿಯೇ ಮಾಡುತ್ತಾರೆ, ಯಾಕೆಂದರೆ ಹೊಸತನವೂ ಪಕ್ಕದಲ್ಲಿ ಕೂತವರ ಕಣ್ಣೂ ಅವರ ಗಮನವನ್ನು ಹಿಡಿದಿಡುತ್ತವೆ. ಮೊಬೈಲಿನಲ್ಲಿ ಎರಡು ಗಂಟೆ ಮುಳುಗುವ ಮಗು ಎರಡು ಸಾಲಿನ ಹೋಂವರ್ಕಿಗೆ ಏಳು ಸಲ ಏಳುವುದಕ್ಕೂ ಇಂಥದ್ದೇ ಕಾರಣ ಇದೆ. ಅಲ್ಲಿ ಪ್ರತಿ ಕ್ಷಣಕ್ಕೂ ಹೊಸದು ಸಿಗುತ್ತದೆ. ಈಗ ತರಗತಿಗೆ ಬನ್ನಿ. ಐವತ್ತು ಮಕ್ಕಳು, ಹೊರಗೆ ಆಟದ ಪೀರಿಯಡ್ಡಿನ ಗದ್ದಲ. ಟೀಚರ್ ಒಮ್ಮೆಗೇ ನಾಲ್ಕು ಸೂಚನೆ ಕೊಡುತ್ತಾರೆ: ಗಣಿತದ ಪುಸ್ತಕ ತೆಗೆಯಿರಿ, ಮೂವತ್ತೆರಡನೇ ಪುಟ, ಮೂರನೇ ಲೆಕ್ಕ, ಅಂಚಿನಲ್ಲಿ ತಾರೀಖು ಬರೆಯಿರಿ. ನಿಮ್ಮ ಮಗಳ ಕೈಗೆ ಪುಸ್ತಕ ಬರುವಷ್ಟರಲ್ಲಿ ಉಳಿದ ಮೂರು ಮಾತು ಜಾರಿರುತ್ತವೆ. ಸೂಚನೆ ನೆನಪಿಟ್ಟುಕೊಳ್ಳುವುದು, ಕೆಲಸ ಹೊಂದಿಸಿಕೊಳ್ಳುವುದು, ವಸ್ತು ಜೋಪಾನ ಮಾಡುವುದು, ಹೇಳುವವರಿಲ್ಲದಿದ್ದರೂ ಶುರು ಮಾಡಿ ಮುಗಿಸುವುದು, ಇವೆಲ್ಲ ಆ 360 ಅಕ್ಷರಗಳ ಲೆಕ್ಕದೊಳಗೆ ಬರುವುದೇ ಇಲ್ಲ. ಅವಳ ತೊಂದರೆ ಇರುವುದು ಅಲ್ಲಿಯೇ ಎಂದು ನಿಮ್ಮ ಪತ್ರ ಹೇಳುತ್ತಿದೆ.

ಉಲ್ಟಾ ತಪ್ಪೂ ಅಷ್ಟೇ ಸಾಮಾನ್ಯ. ಗಮನದ ತೊಂದರೆ ಇಲ್ಲದ ಮಗುವೂ ಆ ಪರೀಕ್ಷೆಯಲ್ಲಿ ಕೆಟ್ಟ ಅಂಕ ತೆಗೆಯಬಹುದು. ರಾತ್ರಿಯೆಲ್ಲ ಗೊರಕೆ ಹೊಡೆದು ನಿದ್ದೆಗೆಟ್ಟ ಮಗು, ನೆಗಡಿಯ ಸಿರಪ್ ಕುಡಿದು ತೂಕಡಿಸುತ್ತಿರುವ ಮಗು, ರಕ್ತಹೀನತೆ ಇರುವ ಮಗು, ಕನ್ನಡಕ ಬೇಕಾಗಿದ್ದರೂ ಯಾರಿಗೂ ಗೊತ್ತಾಗದ ಮಗು, ಭಯದಿಂದ ಕೈ ನಡುಗುವ ಮಗು, ಕಲಿಕೆಯ ತೊಂದರೆ ಇರುವ ಮಗು, ಬುದ್ಧಿ ಬೆಳವಣಿಗೆ ನಿಧಾನವಾಗಿರುವ ಮಗು, ಇವರೆಲ್ಲರ ವರದಿಯೂ ಮೇಲ್ನೋಟಕ್ಕೆ ಒಂದೇ ಥರ ಕಾಣಬಹುದು. ಥರ್ಮಾಮೀಟರ್ ಜ್ವರ ಇದೆ ಎನ್ನುತ್ತದೆ, ಮಲೇರಿಯಾನೋ ಟೈಫಾಯ್ಡೋ ಎನ್ನುವುದಿಲ್ಲ. ಈ ಅಂಕಗಳದೂ ಅದೇ ಸ್ಥಿತಿ. ಐದು ಗಂಟೆಗೆ ಎಬ್ಬಿಸಿ ಬಸ್ಸಿನಲ್ಲಿ ಕರೆದೊಯ್ದ ನಿಮ್ಮ ಮಗಳ ಅಂಕ ಕೆಟ್ಟದಾಗಿ ಬಂದಿದ್ದರೆ ಅದನ್ನೂ ನಾನು ಹಾಗೆಯೇ ನಂಬುತ್ತಿರಲಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಜಗತ್ತಿನ ಬೇರೆ ಬೇರೆ ಕಡೆಯ ಅಧ್ಯಯನಗಳನ್ನು ಒಟ್ಟುಗೂಡಿಸಿದರೆ ಮಕ್ಕಳಲ್ಲಿ ಸುಮಾರು ಶೇ 5ರಷ್ಟು ಜನರಿಗೆ ಎಡಿಎಚ್‌ಡಿ ಇರುತ್ತದೆ. ಒಂದು ಪರೀಕ್ಷೆ, ತೊಂದರೆ ಇರುವ ನೂರರಲ್ಲಿ 80 ಮಕ್ಕಳನ್ನು ಸರಿಯಾಗಿ ಹಿಡಿಯುತ್ತದೆ, ತೊಂದರೆ ಇಲ್ಲದ ನೂರರಲ್ಲಿ 80 ಮಕ್ಕಳನ್ನು ಸರಿಯಾಗಿ ಬಿಡುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಇದು ಉದಾರವಾದ ಅಂದಾಜು. ಸಾವಿರ ಮಕ್ಕಳಿರುವ ಶಾಲೆಯಲ್ಲಿ ಎಲ್ಲರಿಗೂ ಈ ಪರೀಕ್ಷೆ ಮಾಡಿದರೆ, ತೊಂದರೆ ಇರುವ 50 ಮಕ್ಕಳಲ್ಲಿ 40 ಸಿಗುತ್ತಾರೆ. ಜೊತೆಗೆ ಏನೂ ಇಲ್ಲದ 950 ಮಕ್ಕಳಲ್ಲಿ 190 ಮಂದಿಗೆ ಹಣೆಪಟ್ಟಿ ಬೀಳುತ್ತದೆ. ಆಸ್ಪತ್ರೆಗೆ ಬರುವವರ ಲೆಕ್ಕ ಬೇರೆ. ಅಲ್ಲಿ ಅನುಮಾನ ಬಂದೇ ಬಂದಿರುತ್ತಾರೆ, ನೂರರಲ್ಲಿ 50 ಮಕ್ಕಳಿಗೆ ನಿಜವಾಗಿಯೂ ಎಡಿಎಚ್‌ಡಿ ಇದೆ ಎಂದುಕೊಳ್ಳೋಣ. ಅವರಲ್ಲಿ 10 ಮಂದಿ "ಸಾಮಾನ್ಯ" ಎಂಬ ವರದಿ ಹಿಡಿದು ಮನೆಗೆ ಹೋಗುತ್ತಾರೆ. ನಿಮ್ಮ ಮಗಳು ಆ ಹತ್ತರಲ್ಲಿ ಒಬ್ಬಳು ಎಂದು ನಾನು ಹೇಳುತ್ತಿಲ್ಲ. ಅಲ್ಲ ಎಂದು ಹೇಳುವ ಶಕ್ತಿ ಆ ಕಾಗದಕ್ಕಿಲ್ಲ, ಅಷ್ಟೇ.

ಹಾಗಾದರೆ ಈ ಪರೀಕ್ಷೆ ಬೇಡವೇ ಬೇಡವೇ? ಹಾಗೆಂದರೆ ಅನ್ಯಾಯವಾಗುತ್ತದೆ. ಬ್ರಿಟನ್ನಿನಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕ್ಯೂಬಿ ಟೆಸ್ಟ್ ವರದಿ ಕೈಯಲ್ಲಿದ್ದ ವೈದ್ಯರು ಬೇಗ ನಿರ್ಧಾರಕ್ಕೆ ಬಂದರು, ನಿರ್ಧಾರದ ಗುಣಮಟ್ಟವೂ ಕುಸಿಯಲಿಲ್ಲ. 2024ರಲ್ಲಿ, ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಅಲ್ಲಿನ ನೈಸ್ ಸಂಸ್ಥೆ 6ರಿಂದ 17 ವರ್ಷದವರ ರೋಗನಿರ್ಣಯಕ್ಕೆ ಅದನ್ನು ಬಳಸಬಹುದು ಎಂದಿತು. ಆದರೆ ವೈದ್ಯರ ಪೂರ್ಣ ತಪಾಸಣೆಯ ಜೊತೆಗೆ ಮಾತ್ರ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿ ರೋಗನಿರ್ಣಯಕ್ಕೆ ಇಂಥ ಪರೀಕ್ಷೆಯನ್ನು ಕೇಳುವುದೇ ಇಲ್ಲ, ಮಗುವಿನ ಬಗ್ಗೆ ಮನೆ ಮತ್ತು ಶಾಲೆ ಕೊಡುವ ಮಾಹಿತಿಯನ್ನು ಕೇಳುತ್ತದೆ. ನನ್ನ ಅನಿಸಿಕೆಯೂ ಇದೇ: ಪೂರ್ತಿ ವಿಚಾರಿಸಿದ ಮೇಲೂ ಸಂಶಯ ಉಳಿದರೆ ಈ ಪರೀಕ್ಷೆ ಒಂದು ಸಾಕ್ಷಿಯಾಗಿ ನೆರವಾಗುತ್ತದೆ. ವಿಚಾರಣೆಗೆ ಮೊದಲೇ, ವಿಚಾರಣೆಯ ಬದಲಿಗೆ ಮಾಡಿಸಿದರೆ ದಾರಿ ತಪ್ಪಿಸುತ್ತದೆ. ನಿಮಗೆ ಆಗಿರುವುದು ಇದೇ.

ಎಡಿಎಚ್‌ಡಿ ನಿರ್ಣಯಕ್ಕೆ ನಾವು ಬಳಸುವ ಡಿಎಸ್‌ಎಂ-5 ಎಂಬ ಮಾನದಂಡದಲ್ಲಿ ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಿವೆ, ಚಡಪಡಿಕೆ ಮತ್ತು ದುಡುಕಿಗೆ ಸಂಬಂಧಿಸಿದ ಒಂಬತ್ತು. ಮಕ್ಕಳಲ್ಲಿ ಯಾವುದಾದರೂ ಒಂದು ಗುಂಪಿನ ಆರು ಲಕ್ಷಣ ಕನಿಷ್ಠ ಆರು ತಿಂಗಳಿನಿಂದ ಇರಬೇಕು, ವಯಸ್ಸಿಗೆ ಮೀರಿದ್ದಾಗಿರಬೇಕು. ಕೆಲವಾದರೂ 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು, ಮನೆ, ಶಾಲೆ ಹೀಗೆ ಎರಡಾದರೂ ಕಡೆ ಕಾಣಬೇಕು. ಅದರಿಂದ ಮಗುವಿನ ಓದಿಗೋ ಗೆಳೆತನಕ್ಕೋ ದಿನಚರಿಗೋ ನಿಜವಾಗಿ ಅಡ್ಡಿಯಾಗಿರಬೇಕು, ಬೇರೆ ಕಾರಣ ಅದನ್ನು ಇನ್ನೂ ಚೆನ್ನಾಗಿ ವಿವರಿಸಬಾರದು. ಯಂತ್ರದ ಅಂಕ ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಎಡಿಎಚ್‌ಡಿ ಇರುವ ಹುಡುಗಿಯರಲ್ಲಿ ಮೊದಲ ಗುಂಪಿನ ಲಕ್ಷಣಗಳು ಮಾತ್ರ ಇರುವುದು ಹುಡುಗರಿಗಿಂತ ಹೆಚ್ಚು. ಬೆಂಚಿನ ಮೇಲೆ ಹಾರದ, ಯಾರನ್ನೂ ಹೊಡೆಯದ, ಕಿಟಕಿಯ ಕಡೆ ನೋಡುತ್ತಾ ಕೂರುವ ಹುಡುಗಿಯ ಬಗ್ಗೆ ಯಾರಿಗೂ ತೊಂದರೆ ಅನಿಸುವುದಿಲ್ಲ, ಆದ್ದರಿಂದ ಅವಳನ್ನು ಆಸ್ಪತ್ರೆಗೆ ಕರೆತರುವುದೂ ತಡವಾಗುತ್ತದೆ. ನೀವು ಒಂಬತ್ತನೇ ವರ್ಷದಲ್ಲೇ ಕೇಳುತ್ತಿದ್ದೀರಿ, ಅದು ಒಳ್ಳೆಯದು.

ನಾನು ನಿಮ್ಮೊಂದಿಗೆ ಕೂತಿದ್ದರೆ ಮೊದಲು ಕೇಳುತ್ತಿದ್ದದ್ದು ಅವಳ ಹಳೆಯ ನೋಟ್‌ಬುಕ್‌ಗಳನ್ನು. ಒಂದನೇ ತರಗತಿಯವು ಅಟ್ಟದ ಮೇಲಿದ್ದರೂ ಇಳಿಸಿ, ರದ್ದಿಗೆ ಹಾಕಬೇಡಿ. ಉಕ್ತಲೇಖನದ ಪುಟವೊಂದನ್ನು ತೆರೆಯಿರಿ. ಮೊದಲ ಎರಡು ಸಾಲು ದುಂಡಗೆ, ಸರಿಯಾಗಿ ಇದ್ದು, ಐದನೆಯ ಸಾಲಿಗೆ ಅಕ್ಷರ ಓರೆಯಾಗಿ, ಏಳನೆಯದರಲ್ಲಿ ಪದಗಳೇ ಬಿಟ್ಟುಹೋಗಿದ್ದರೆ ಗಮನ ಸೋರಿದ್ದು ಕಣ್ಣಿಗೆ ಕಾಣುತ್ತದೆ. ಗಣಿತದಲ್ಲಿ ಮೊದಲ ನಾಲ್ಕು ಲೆಕ್ಕ ಸರಿ, ಐದನೆಯದರಲ್ಲಿ ಕಳೆಯುವ ಚಿಹ್ನೆ ಇದ್ದರೂ ಕೂಡಿಸಿದ್ದಾಳೆ, ಕೊನೆಯ ಎರಡನ್ನು ಮುಟ್ಟೇ ಇಲ್ಲ. ಅದೇ ಲೆಕ್ಕವನ್ನು ನೀವು ಪಕ್ಕದಲ್ಲಿ ಕೂತು ಕೇಳಿದರೆ ಥಟ್ಟನೆ ಹೇಳುತ್ತಾಳೆ. ಇದೂ ಹಾಗೆಯೇ. ಆದರೆ ಮೊದಲ ಸಾಲಿನಿಂದಲೇ ತಪ್ಪುಗಳಿದ್ದು, ಅವೇ ಅಕ್ಷರಗಳು ಮತ್ತೆ ಮತ್ತೆ ಅದಲುಬದಲಾಗುತ್ತಿದ್ದರೆ, ಕನ್ನಡದ ಒತ್ತಕ್ಷರ, ದೀರ್ಘ ಎರಡೂ ಸದಾ ಬಿಡುತ್ತಿದ್ದರೆ, ಗಟ್ಟಿಯಾಗಿ ಓದಿಸಿದರೆ ಊಹಿಸಿ ಓದುತ್ತಿದ್ದರೆ, ನಾನು ಕಲಿಕಾ ನ್ಯೂನತೆಯ, ಅಂದರೆ ಬುದ್ಧಿ ಇದ್ದರೂ ಓದು ಬರಹವೇ ಕಷ್ಟವಾಗುವ ತೊಂದರೆಯ, ಕಡೆ ನೋಡುತ್ತೇನೆ. ಬೋರ್ಡಿನಿಂದ ಬರೆದುಕೊಳ್ಳಲಾಗದಿರುವುದಕ್ಕೆ ಅದೂ ಕಾರಣವಾಗಬಹುದು, ಎರಡೂ ಒಟ್ಟಿಗೇ ಇರುವುದೂ ಉಂಟು. ಇದನ್ನು ಬಿಡಿಸಿ ನೋಡುವುದಕ್ಕೆ ಇನ್ನೊಂದು ಕಾರಣವಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಮುಂದೆ ಪರೀಕ್ಷೆಯಲ್ಲಿ ರಿಯಾಯಿತಿ ಕೇಳುವಾಗ ಇದು ಲೆಕ್ಕಕ್ಕೆ ಬರುತ್ತದೆ.

ಎರಡನೆಯದು ಶಾಲೆಯ ಮಾತು. ಕ್ಲಾಸ್ ಟೀಚರ್ ಹತ್ತಿರ "ಲಕ್ಷ್ಯ ಇಲ್ಲ" ಎಂಬ ಒಂದು ಸಾಲಿನ ಬದಲು ಅರ್ಧ ಪುಟ ಬರೆಸಿಕೊಳ್ಳಿ. ಅವಳು ಎಲ್ಲಿ ಕೂರುತ್ತಾಳೆ, ಯಾವ ಪೀರಿಯಡ್‌ನಲ್ಲಿ ಹೆಚ್ಚು ಕಳೆದುಹೋಗುತ್ತಾಳೆ, ಹೆಸರು ಹಿಡಿದು ಕರೆದರೆ ತಕ್ಷಣ ಮರಳುತ್ತಾಳೆಯೇ, ಒಬ್ಬಳನ್ನೇ ಕೂರಿಸಿ ಹೇಳಿದರೆ ವ್ಯತ್ಯಾಸ ಆಗುತ್ತದೆಯೇ, ಗೆಳತಿಯರಿದ್ದಾರೆಯೇ ಎಂದು. ಸಾಧ್ಯವಾದರೆ ಮೂರನೇ ತರಗತಿಯ ಟೀಚರನ್ನೂ ಕೇಳಿ. ವೈದ್ಯರು ವ್ಯಾಂಡರ್‌ಬಿಲ್ಟ್‌ನಂಥ ಪ್ರಶ್ನಾವಳಿ ಕೊಡುತ್ತಾರೆ. ಅದರಲ್ಲಿ ತಂದೆತಾಯಿಗೆ ಒಂದು, ಶಿಕ್ಷಕರಿಗೆ ಒಂದು ಇರುತ್ತದೆ. ಶಿಕ್ಷಕರದನ್ನು ನೀವೇ ತುಂಬಿ ಕೊಡಬೇಡಿ. ತಂದೆಯ ಅಭಿಪ್ರಾಯ ಬೇರೆ ಇದ್ದರೆ ಅವರು ಬೇರೆಯಾಗಿಯೇ ತುಂಬಲಿ, ಆ ವ್ಯತ್ಯಾಸವೂ ನಮಗೆ ಉಪಯೋಗಕ್ಕೆ ಬರುತ್ತದೆ.

ಈ ನಡುವೆ ಕೆಲವು ತಪಾಸಣೆ ಆಗಲೇಬೇಕು: ಕಣ್ಣು, ಕಿವಿ, ಹಿಮೋಗ್ಲೋಬಿನ್, ನಿದ್ದೆ. ಬಾಯಿ ತೆರೆದು ಮಲಗುವುದು, ಗೊರಕೆ ಇದ್ದರೆ ಕಿವಿ ಮೂಗು ಗಂಟಲು ವೈದ್ಯರು ನೋಡಲಿ. ನಿಮ್ಮ ಮಗಳ ವಿಷಯದಲ್ಲಿ ಒಂದನ್ನು ವಿಶೇಷವಾಗಿ ಗಮನಿಸಿ. ಊಟ ಮಾಡುವಾಗಲೋ ಮಾತಿನ ನಡುವೆಯೋ ಥಟ್ಟನೆ ನಿಂತು, ಹತ್ತು ಸೆಕೆಂಡು ಕಣ್ಣು ಒಂದೇ ಕಡೆ ನೆಟ್ಟು, ಭುಜ ಮುಟ್ಟಿ ಕರೆದರೂ ತಿಳಿಯದೆ, ಆಮೇಲೆ ಏನೂ ಆಗದಂತೆ ಮುಂದುವರಿಯುತ್ತಾಳೆಯೇ? ಹೌದಾದರೆ ಅದು ಅಪಸ್ಮಾರದ ಒಂದು ಬಗೆ ಇರಬಹುದು, ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಬೇಕಾಗುತ್ತದೆ, ಚಿಕಿತ್ಸೆಯೂ ಬೇರೆ. ಕನಸು ಕಾಣುತ್ತಾ ಕೂತ ಮಗು ಕರೆದರೆ, ಮುಟ್ಟಿದರೆ ಮರಳುತ್ತದೆ. ಮೊಬೈಲಿನಲ್ಲಿ ಒಂದು ವಿಡಿಯೊ ಸಿಕ್ಕರೆ ವೈದ್ಯರಿಗೆ ತೋರಿಸಿ.

ಎಲ್ಲಿ ಹೋಗಬೇಕು? ಗದಗಿನಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿನ ಜಿಮ್ಸ್ ಆಸ್ಪತ್ರೆ ಇದೆ, ಮಕ್ಕಳ ವಿಭಾಗ ಮತ್ತು ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ. ಹಾವೇರಿ ಕಡೆಯವರು ತಮ್ಮ ಜಿಲ್ಲೆಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕೇಳಬಹುದು. ಈಗ ಕೆಎಂಸಿಆರ್‌ಐ ಎಂದು ಹೆಸರಾಗಿರುವ ಹುಬ್ಬಳ್ಳಿಯ ಕಿಮ್ಸ್ ಇದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ನಮ್ಮ ಕಡೆ "ಧಾರವಾಡಕ್ಕೆ ಕರೆದುಕೊಂಡು ಹೋಗಬೇಕು" ಎಂಬುದನ್ನು ಬೈಗುಳದಂತೆ ಬಳಸುತ್ತಾರೆ. ಆ ಮಾತಿಗೆ ಅಂಜಿ ಮಕ್ಕಳ ಎರಡು ಮೂರು ವರ್ಷ ಕಳೆದುಕೊಂಡ ಮನೆಗಳನ್ನು ನೋಡಿದಾಗ ನನಗೆ ಬಹಳ ಸಂಕಟವಾಗುತ್ತದೆ. ಅಲ್ಲಿ ನಡೆಯುವುದು ಮಾತುಕತೆ ಮತ್ತು ತಪಾಸಣೆ. ಹೊರಡುವ ಮೊದಲು ಸಲಹೆ ಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ.

ಎಡಿಎಚ್‌ಡಿ ಎಂದು ಖಚಿತವಾದರೆ ಮುಂದಿನ ದಾರಿ ಇದೆ: ತಂದೆತಾಯಿಗೆ ತರಬೇತಿ, ಶಾಲೆಯಲ್ಲಿ ಸಣ್ಣ ಬದಲಾವಣೆ, ಅಗತ್ಯವಿದ್ದರೆ ಮಿಥೈಲ್‌ಫೆನಿಡೇಟ್ ಅಥವಾ ಅಟೊಮಾಕ್ಸೆಟಿನ್‌ನಂಥ ಔಷಧ, ತಜ್ಞರ ನಿಗಾದಲ್ಲಿ. ಅದನ್ನು ಆಗ ಮಾತಾಡಬಹುದು. ನಡುವೆ ಯಾರಾದರೂ "ಬ್ರೈನ್ ಟ್ರೇನಿಂಗ್" ಪ್ಯಾಕೇಜ್ ಮಾರಲು ಬಂದರೆ ಒಪ್ಪಿಕೊಳ್ಳಬೇಡಿ. ಅಂಥ ಕಂಪ್ಯೂಟರ್ ಅಭ್ಯಾಸದಿಂದ ಆ ಅಭ್ಯಾಸದಲ್ಲಿ ಕೈ ಪಳಗುತ್ತದೆ, ತರಗತಿಯ ಗಮನ ಅಷ್ಟಾಗಿ ಸುಧಾರಿಸುವುದಿಲ್ಲ.

ಕೊನೆಗೆ ನಿಮ್ಮ ಮನೆಯವರಿಗೆ ನೇರವಾಗಿ ಎರಡು ಮಾತು. ಸರ್, ಸೋಮಾರಿಯಾದ ಮಗು ತನಗೆ ಬೇಡವಾದ ಕೆಲಸವನ್ನಷ್ಟೇ ಬಿಡುತ್ತದೆ. ನಿಮ್ಮ ಮಗಳು ತನಗೆ ಬೇಕಾದ ಸ್ವೆಟರ್, ಬಾಟಲಿಗಳನ್ನೂ ಕಳೆದುಕೊಳ್ಳುತ್ತಿದ್ದಾಳೆ. ಇಡೀ ದಿನ ಶಾಲೆಯಲ್ಲಿ ಗಮನ ಹಿಡಿಯಲು ಹೆಣಗಿ ಬಂದವಳಿಗೆ ಸಂಜೆ ಎರಡು ಟ್ಯೂಷನ್ ಎಂದರೆ ದಣಿವು ಹೆಚ್ಚುತ್ತದೆ, ಗಮನ ಹೆಚ್ಚುವುದಿಲ್ಲ. ಒಂದನ್ನು ಬಿಡಿಸಿ. ಹೋಂವರ್ಕನ್ನು ಹತ್ತು ಹತ್ತು ನಿಮಿಷದ ತುಂಡು ಮಾಡಿ, ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ, ಪಕ್ಕದಲ್ಲಿ ಯಾರಾದರೂ ಸುಮ್ಮನೆ ಕೂತಿರಲಿ. ಮುಂದಿನ ಬೆಂಚಿನಲ್ಲಿ ಕೂರಿಸಲು ಟೀಚರಿಗೆ ನೀವೇ ಹೋಗಿ ಕೇಳಿ, ತಂದೆ ಬಂದು ಕೇಳಿದರೆ ಶಾಲೆ ಹೆಚ್ಚು ಕಿವಿಗೊಡುತ್ತದೆ ಎಂಬುದು ನಾನು ಕಂಡ ಸಂಗತಿ. "ಸಣ್ಣವನಿದ್ದಾಗ ನಾನೂ ಹೀಗೇ ಇದ್ದೆ" ಎಂದು ನಿಮಗೆ ಎಂದಾದರೂ ಅನಿಸಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಎಡಿಎಚ್‌ಡಿ ಮನೆತನಗಳಲ್ಲಿ ಹರಿದುಬರುವುದುಂಟು.

ಹುಬ್ಬಳ್ಳಿಯ ಆ ವರದಿಯನ್ನು ಹರಿದು ಹಾಕಬೇಡಿ, ಕಡತದಲ್ಲಿ ಇಟ್ಟುಕೊಂಡೇ ಹೋಗಿ. ಆದರೆ "ಸಾಮಾನ್ಯ" ಎಂಬ ಸಾರಾಂಶದ ಪುಟವೊಂದೇ ಸಾಲದು. ತಪ್ಪಿದ್ದೆಷ್ಟು, ದುಡುಕಿ ಒತ್ತಿದ್ದೆಷ್ಟು, ವೇಗದ ಏರಿಳಿತ ಎಷ್ಟು, ಮೊದಲ ನಿಮಿಷಗಳಿಗೂ ಕೊನೆಯ ನಿಮಿಷಗಳಿಗೂ ಏನು ವ್ಯತ್ಯಾಸ ಎಂಬ ವಿವರದ ಪುಟಗಳನ್ನೂ ಆ ಕೇಂದ್ರದಿಂದ ಕೇಳಿ ಪಡೆಯಿರಿ. ಹಣ ಕೊಟ್ಟಿದ್ದೀರಿ, ಅದು ನಿಮ್ಮ ಹಕ್ಕು. ಪರೀಕ್ಷೆಯ ದಿನ ಎಷ್ಟು ಗಂಟೆಗೆ ಎದ್ದಿದ್ದಳು, ಏನು ತಿಂದಿದ್ದಳು, ಯಾವ ಔಷಧ ಕುಡಿದಿದ್ದಳು ಎಂಬುದನ್ನು ಅದರ ಹಿಂಬದಿಯಲ್ಲಿ ಬರೆದಿಡಿ.